ಹದಿನಾಲ್ಕು ಸುತ್ತಿನ ಪಕ್ಕೀರಪ್ಪ

ಹಂಪಿಯಿಂದ ಕಂಪ್ಲಿಯ ಕಡೆಗೆ ಹೋಗುವಾಗ ಬಾಳೆತೋಟಗಳು ಮುಗಿದು ಬಂಡೆಗಳು ಶುರುವಾಗುವಲ್ಲಿ ಎಡಕ್ಕೆ ಇಳಿದರೆ ಹುಣಸೆಘಟ್ಟ ಸಿಗುತ್ತದೆ. ಘಟ್ಟ ಎಂದರೆ ದೊಡ್ಡದೇನಲ್ಲ. ಒಂದು ಮುದಿ ಹುಣಸೆಮರ, ಸವೆದು ನುಣುಪಾದ ನಾಲ್ಕು ಮೆಟ್ಟಿಲು, ಮೆಟ್ಟಿಲ ಕೆಳಗೆ ತುಂಗಭದ್ರೆ. ಅಲ್ಲಿ ಹರಿಗೋಲು ಹಾಕುವ ಪಕ್ಕೀರಪ್ಪನಿಗೆ ಈಗ ಅರವತ್ತೊಂದು. ಸಮುದ್ರವನ್ನು ಅವನು ಕಂಡಿಲ್ಲ, ಕಾಣುವ ಆಸೆಯೂ ಇಲ್ಲ. ಹೊಳೆಗೆ ಆಚೆ ದಂಡೆ ಇದೆ, ಅದಕ್ಕೇ ಹರಿಗೋಲು. ಆಚೆ ದಂಡೆಯೇ ಕಾಣದ ನೀರಿಗೆ ಇಳಿಯುವವನ ತಲೆ ಸರಿ ಇಲ್ಲ ಎಂಬುದು ಅವನ ತೀರ್ಮಾನ. ಅಂಥವನ ಘಟ್ಟಕ್ಕೆ ಆರು ದೇಶಗಳ ನೌಕಾಪಡೆ ಬಂದು ನಿಂತ ಕಥೆ ಹೇಳುವ ಮೊದಲು ಅವನಿಗಿದ್ದ ಎರಡು ವಿದ್ಯೆಗಳ ಬಗ್ಗೆ ಹೇಳಬೇಕು.

ಒಂದು, ಕೂರಿಸುವ ವಿದ್ಯೆ. ಹರಿಗೋಲೆಂದರೆ ದುಂಡಗಿನ ದೊಡ್ಡ ಬಿದಿರ ಬುಟ್ಟಿ, ಅಡಿಗೆ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿದದ್ದು. ಒಂದು ಮಗ್ಗುಲಿಗೆ ಭಾರ ಹೆಚ್ಚಾದರೆ ಅದು ಯಾರ ಮುಲಾಜೂ ನೋಡುವುದಿಲ್ಲ. ಪಕ್ಕೀರಪ್ಪ ಮೆಟ್ಟಿಲ ಮೇಲೆ ನಿಂತು ಬರುವವರನ್ನು ಒಮ್ಮೆ ದಿಟ್ಟಿಸಿದರೆ ಸಾಕು, ಯಾರ ತೂಕ ಎಷ್ಟು, ಯಾರು ಅಂಜುಬುರುಕರು, ಯಾರು ನಡುನೀರಿನಲ್ಲಿ ಎದ್ದು ನಿಂತು ಫೋಟೋ ತೆಗೆಯುವ ಪೈಕಿ ಎಂಬುದೆಲ್ಲ ತಿಳಿದುಬಿಡುತ್ತದೆ. ಜಗಳವಾಡಿದವರು ಬಂದರೆ ಅವರನ್ನು ಬೇಕೆಂದೇ ಎದುರು ಬದುರು ಕೂರಿಸುತ್ತಾನೆ. ಒಬ್ಬ ಸಿಟ್ಟಿನಿಂದ ಎದ್ದರೆ ಇಬ್ಬರೂ ನೀರಿಗೆ. ಅತ್ತೆ ಸೊಸೆಯರು, ಬೀಗರು, ಎರಡು ಪಕ್ಷದ ಪಂಚಾಯಿತಿ ಮೆಂಬರುಗಳು, ಎಲ್ಲರೂ ಹೀಗೆ ಮುಖ ಮುಖ ನೋಡಿಕೊಂಡೇ ಹೊಳೆ ದಾಟಿದ್ದಾರೆ. ಇಳಿದ ಮೇಲೆ ಬೇಕಾದರೆ ಹೊಡೆದಾಡಿಕೊಳ್ಳಲಿ, ನೀರಿನ ಮೇಲೆ ಮಾತ್ರ ದೇವರ ಮುಂದೆ ಕೂತಷ್ಟು ಸುಮ್ಮನಿರುತ್ತಾರೆ.

ಇನ್ನೊಂದು, ತಿರುಗಿಸುವ ವಿದ್ಯೆ. ಹುಟ್ಟನ್ನು ಒಂದೇ ಕಡೆಗೆ ಎಳೆಯುತ್ತ ಹರಿಗೋಲನ್ನು ಗಿರಗಿರ ತಿರುಗಿಸುವುದು ಎಲ್ಲ ಅಂಬಿಗರಿಗೂ ಬರುತ್ತದೆ. ಹಂಪಿ ನೋಡಲು ಬಂದವರು ಕಿರುಚುತ್ತಾರೆ, ನಗುತ್ತಾರೆ, ಇಳಿದ ಮೇಲೆ ಹುಣಸೆಮರವನ್ನು ಅಪ್ಪಿಕೊಂಡು ನಿಲ್ಲುತ್ತಾರೆ. ಬೇರೆಯವರು ಐದಾರು ಸುತ್ತಿಗೆ ಕೈಬಿಟ್ಟರೆ ಪಕ್ಕೀರಪ್ಪನದು ಹದಿನಾಲ್ಕು. ಅವನ ಅಪ್ಪನದೂ ಹದಿನಾಲ್ಕೇ. ಕೇಳಿ ತಿರುಗಿಸುವ ಅಭ್ಯಾಸ ಮಾತ್ರ ಅವನಿಗೆ ಇರಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆ, ಬೇಡ ಅಂದವರನ್ನು ತಿರುಗಿಸಿದರೆ ತಪ್ಪಾಗುತ್ತದೆ, ಆದ್ದರಿಂದ ಕೇಳದೇ ಇರುವುದೇ ಒಳ್ಳೆಯದು. ಇಂಥ ನ್ಯಾಯ ಹೇಳುವವನ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.

ಈ ನ್ಯಾಯವೇ ಹನ್ನೆರಡು ವರ್ಷದ ಹಿಂದೆ ಮನೆ ಒಡೆಯಿತು. ಆಗ ಪಕ್ಕೀರಪ್ಪನೂ ಅವನ ತಮ್ಮ ಮೈಲಾರಲಿಂಗಪ್ಪನೂ ಇದೇ ಘಟ್ಟದಲ್ಲಿ ಜೊತೆಯಾಗಿ ಹುಟ್ಟು ಹಾಕುತ್ತಿದ್ದರು. ತಮ್ಮನನ್ನು ಎಲ್ಲರೂ ಮೈಲಾರಿ ಅನ್ನುತ್ತಾರೆ. ಮೈಲಾರಿಯ ಮಗಳನ್ನು ನೋಡಲು ಮೆಟ್ರಿಯಿಂದ ಗಂಡಿನ ಕಡೆಯವರು ಬಂದರು, ಹುಡುಗಿ ಒಪ್ಪಿಗೆಯಾಯಿತು, ಹೋಳಿಗೆ ಊಟವೂ ಆಯಿತು. ಊಟ ಮುಗಿಸಿದ ಬೀಗರು ಹೊಳೆಯಲ್ಲಿ ಒಂದು ಸುತ್ತು ಹಾಕಿ ಬರೋಣ ಎಂದರು. ಅವರು ಕೇಳಿದ್ದು ಒಂದು ಸುತ್ತು, ಪಕ್ಕೀರಪ್ಪ ಹಾಕಿಸಿದ್ದು ಹದಿನಾಲ್ಕು. ಬೀಗರು ತಿಂದ ಹೋಳಿಗೆಗಳನ್ನೆಲ್ಲ ತಮ್ಮ ಹೊಸ ಪಂಚೆಗೇ ಒಪ್ಪಿಸಿ, ಎಲೆಯಡಿಕೆಯನ್ನೂ ಮುಟ್ಟದೆ ಊರಿಗೆ ಹೋದರು. ಮುರಿದು ಬೀಳಲಿದ್ದ ಸಂಬಂಧವನ್ನು ಉಳಿಸಿಕೊಳ್ಳಲು ಮೈಲಾರಿ ಆರು ಸಲ ಮೆಟ್ರಿಗೆ ಅಲೆದು ಕೈಮುಗಿದ. ಅಣ್ಣನಿಂದ ಅವನು ಕೇಳಿದ್ದು ಒಂದೇ ಮಾತು, ತಪ್ಪಾಯಿತು ಅಂತ.

"ತಿರುಗಿದ್ದು ಹರಿಗೋಲು. ನಾ ಏನ್ ತಿರುಗೀನೇನು?" ಎಂದುಬಿಟ್ಟ ಪಕ್ಕೀರಪ್ಪ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಚೆನ್ನಾಗಿ ಕುಣಿದೂ ನೆಲದ ಮೇಲೆ ಹಾಕಿದ. ಮೈಲಾರಿ ತನ್ನ ಹರಿಗೋಲನ್ನು ನೀರಿಗೆ ಬಿಟ್ಟು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಆಚೆ ದಂಡೆಗೆ ದಾಟಿ, ಹೆಂಡತಿಯ ತವರಿನಲ್ಲಿ ನೆಲೆ ನಿಂತ. ಎದುರಿಗೇ ಇನ್ನೊಂದು ಘಟ್ಟ ಶುರುವಾಯಿತು. ಅಂದಿನಿಂದ ನಡುಹೊಳೆಯಲ್ಲಿ ಇಬ್ಬರ ಹರಿಗೋಲುಗಳು ಹಾಯುವಾಗ ಒಬ್ಬ ಮೂಡಣದ ಬಂಡೆ ನೋಡುತ್ತಾನೆ, ಇನ್ನೊಬ್ಬ ಪಡುವಣದ ಬಂಡೆ ನೋಡುತ್ತಾನೆ. ಪಕ್ಕೀರಪ್ಪನ ಹೆಂಡತಿ ನಿಂಗಕ್ಕ ಎಷ್ಟೋ ಸಲ ಹೇಳಿ ನೋಡಿ, ಕೊನೆಗೆ ಬಂಡೆಗಳಾದರೂ ಒಂದು ದಿನ ಮಾತಾಡಿಯಾವು, ಇವರು ಮಾತಾಡುವುದಿಲ್ಲ ಎಂದು ಕೈಚೆಲ್ಲಿದ್ದಳು.

ಹೀಗಿರುವಾಗ ಹೋದ ಡಿಸೆಂಬರಿನಲ್ಲಿ ಯಲ್ಲೇಶ್ ಎಂಬ ಅಧಿಕಾರಿ ಘಟ್ಟಕ್ಕೆ ಬಂದ. ಸಂಡೂರಿನ ಕಡೆಯವನು. ಅಪ್ಪ ದೋಣಿಮಲೈ ಗಣಿಯಲ್ಲಿ ದುಡಿದವನಾದ್ದರಿಂದ ಕ್ವಾರ್ಟರ್ಸಿನಲ್ಲಿ ಹುಟ್ಟಿ, ಸ್ಟಾಫ್ ಬಸ್ಸಿನಲ್ಲಿ ಯಾವ ದರ್ಜೆಯವರು ಯಾವ ಸೀಟಿನಲ್ಲಿ ಕೂರಬೇಕೆಂಬುದನ್ನು ಅಕ್ಷರ ಕಲಿಯುವ ಮೊದಲೇ ಕಲಿತವನು. ಗಣ್ಯರು ಬಂದಾಗ ಶಿಷ್ಟಾಚಾರ ನೋಡಿಕೊಳ್ಳುವ ಕೆಲಸ ಅವನಿಗೆ ಬಿದ್ದದ್ದು ಸರಿಯಾಗಿಯೇ ಇತ್ತು. ಬಗಲಲ್ಲಿ ಯಾವಾಗಲೂ ಒಂದು ನೀಲಿ ಫೈಲು.

"ಯಜಮಾನ್ರ, ಈ ತಿಂಗಳಿಗೆ ನಿಮ್ಮ ಘಟ್ಟದ ಪರವಾನಗಿ ಮುಗೀತದ," ಎಂದ ಅವನು. "ಹರಿಗೋಲು ಬಂದ್ ಮಾಡಿ ಮೋಟಾರು ಲಾಂಚು ಹಾಕೋಣು ಅಂತ ಮಾತು ನಡದೈತಿ. ಭಾನುವಾರ ಆರು ದೇಶದ ನೌಕಾಪಡೆ ಆಫೀಸರ್‌ಗಳು ಹಂಪಿ ನೋಡಾಕ ಬರ್ತಾರ, ಇಪ್ಪತ್ನಾಕು ಮಂದಿ. ಅವರನ್ನ ಹರಿಗೋಲಿನ್ಯಾಗ ಸರಿಯಾಗಿ ದಾಟಿಸಿ ತೋರಿಸ್ರಿ. ಹರಿಗೋಲೇ ಇರ್ಲಿ ಅಂತ ನಾನೇ ಬರೀತೀನಿ. ಒಂಚೂರು ಹೆಚ್ಚು ಕಮ್ಮಿ ಆತೋ, ಲಾಂಚು ಬರ್ತದ ನೋಡ್ರಿ."

ಪಕ್ಕೀರಪ್ಪ ಸವೆದ ಮೆಟ್ಟಿಲುಗಳ ಕಡೆ ನೋಡಿದ. ಅಜ್ಜನ ಕಾಲದ ಘಟ್ಟ. ಹುಟ್ಟು ಬಿಟ್ಟರೆ ಬೇರೆ ಏನನ್ನೂ ಹಿಡಿದ ಕೈಯಲ್ಲ. ಆದರೂ ಅಂಜಿಕೆಯನ್ನು ಮುಖದ ಮೇಲೆ ತೋರಗೊಡದೆ, "ನಾಕು ಹರಿಗೋಲು ಅದಾವ್ರಿ, ಒಂದಕ್ಕ ಆರು ಮಂದಿ. ಹೂ ಎತ್ತಿ ಇಟ್ಟಂಗ ದಾಟಸ್ತೀನಿ," ಎಂದ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪರದೇಶದವರು ಬರುತ್ತಾರೆ, ಹರಿಗೋಲು ಮಿರಿಮಿರಿ ಮಿಂಚಬೇಕು ಎಂದು ಅವನ ತಲೆಗೆ ಹೊಕ್ಕಿತು. ಶುಕ್ರವಾರ ಕೂತು ನಾಲ್ಕಕ್ಕೂ ಹೊಸದಾಗಿ ಡಾಂಬರು ಬಳಿದ. ಹೊರಗಷ್ಟೇ ಬಳಿಯುವುದು ವಾಡಿಕೆ. ಇವನು ಒಳಗೂ ಬಳಿದ, ಅಂಚಿಗೂ ಎರಡೆರಡು ಕೈ ಬಳಿದ.

"ಮೋಡ ಕವದೈತ್ರಿ, ಒಣಗಂಗಿಲ್ಲ," ಎಂದಳು ನಿಂಗಕ್ಕ. ಅವಳು ಕಂಪ್ಲಿ ಕೋಟೆಯ ಕೆಳಗಿನ ಅಂಬಿಗರ ಮನೆಯವಳು. ನಡೆಯುವುದಕ್ಕೂ ಹುಟ್ಟು ಹಾಕುವುದಕ್ಕೂ ಒಂದೇ ವರ್ಷ ಕಲಿತೆ ಎಂದು ಹೇಳಿಕೊಳ್ಳುತ್ತಾಳೆ.

"ನಾಳಿ ಬಿಸಲು ಬೀಳತೈತಿ ಬಿಡು," ಎಂದ ಪಕ್ಕೀರಪ್ಪ.

ಬಿಸಿಲು ಬೀಳಲಿಲ್ಲ. ಬಂಗಾಳಕೊಲ್ಲಿಯಲ್ಲಿ ಎಲ್ಲೋ ವಾಯುಭಾರ ಕುಸಿದಿತ್ತಂತೆ, ಅದರ ಮೋಡಗಳು ಇಲ್ಲಿಯವರೆಗೆ ಬಂದು ಶನಿವಾರವಿಡೀ ಹೊಳೆಯ ಮೇಲೆ ಮಲಗಿದವು. ಸಮುದ್ರಕ್ಕೂ ತನಗೂ ಸಂಬಂಧವಿಲ್ಲ ಎನ್ನುತ್ತಿದ್ದವನ ಡಾಂಬರಿಗೇ ಸಮುದ್ರ ಬಂದು ಕೈ ಹಾಕಿತು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಬಸ್ಸು ಬಂತು. ಹೊಸಪೇಟೆಯಲ್ಲಿ ಸ್ವಾಗತ ಸಮಾರಂಭ ಮುಗಿಸಿ ನೇರವಾಗಿ ಬಂದಿದ್ದರಿಂದ ಇಪ್ಪತ್ನಾಲ್ಕು ಮಂದಿಯೂ ಸಮವಸ್ತ್ರದಲ್ಲಿದ್ದರು. ಅಚ್ಚ ಬಿಳಿ ಅಂಗಿ, ಅಚ್ಚ ಬಿಳಿ ಪ್ಯಾಂಟು, ಬಿಳಿ ಬೂಟು. ಅದನ್ನು ಕಂಡ ಪಕ್ಕೀರಪ್ಪ ಹರಿಗೋಲಿನ ಅಂಚಿಗೆ ಬೆರಳು ಒತ್ತಿ ನೋಡಿದ. ಬೆರಳು ಅಂಟಿಕೊಂಡಿತು. ಇನ್ನೊಂದಕ್ಕೆ ಒತ್ತಿದ, ಅದೂ ಅಂಟಿತು.

ಅವನು ಬಾಯಿ ತೆರೆಯುವಷ್ಟರಲ್ಲಿ ಯಲ್ಲೇಶ್ ಮೆಟ್ಟಿಲಿಳಿದು ಬಂದಿದ್ದ. "ಇದರಾಗ ಮುಂದಿನ ಸೀಟು ಯಾವ್ದ್ರಿ? ನಿಯೋಗದ ಮುಖ್ಯಸ್ಥರು ಮುಂದ ಕುಂದ್ರಬೇಕು. ಪಟ್ಟಿ ಮಾಡ್ಕೊಂಡು ಬಂದೀನಿ."

"ಇದಕ್ಕ ಮುಂದು ಹಿಂದು ಇಲ್ರಿ ಸಾಹೇಬ್ರ. ಕುಂದ್ರಬ್ಯಾಡ್ರಿ..."

ಕೂತಾಗಿತ್ತು. ಯಾವುದು ಮುಂದಿನ ಸೀಟು ಎಂದು ತಾನೇ ಪರೀಕ್ಷಿಸಲು ಯಲ್ಲೇಶ್ ಅಂಚಿನ ಮೇಲೆ ಕೂತುಬಿಟ್ಟಿದ್ದ. ಏಳಲು ಹೋದರೆ ಹರಿಗೋಲೂ ಅವನ ಜೊತೆ ಏಳುವಂತಿತ್ತು. ಪಕ್ಕೀರಪ್ಪ ಕೈ ಹಿಡಿದು ಎಳೆದಾಗ ಚರ್ರನೆ ಸದ್ದಾಗಿ ಬಿಡಿಸಿಕೊಂಡ. ಅವನ ಕೆನೆಬಣ್ಣದ ಪ್ಯಾಂಟಿನ ಹಿಂಬದಿಯಲ್ಲಿ ಬಿದಿರ ಹೆಣಿಗೆಯ ಕರಿ ಅಚ್ಚು ಚಂದವಾಗಿ ಮೂಡಿತ್ತು. ಯಲ್ಲೇಶ್ ಕೂಡಲೇ ನೀಲಿ ಫೈಲನ್ನು ಹಿಂದಕ್ಕೆ ಅಡ್ಡ ಹಿಡಿದುಕೊಂಡ. ಯಾರು ಎಲ್ಲಿ ಕೂರಬೇಕೆಂಬ ಪಟ್ಟಿ ಆ ಫೈಲಿನೊಳಗೇ ಇತ್ತು. ಅವತ್ತಿಗೆ ಅದು ಹೊರಗೆ ಬರುವ ಹಾಗಿರಲಿಲ್ಲ.

"ನಾಕೂ ಹಿಂಗೇನ್ರಿ?" ಅವನ ದನಿ ಇಳಿದಿತ್ತು.

"ನಾಕೂ ಹಿಂಗ ಅದಾವ್ರಿ."

"ಒಂದು ತಾಸಿನ್ಯಾಗ ಏನಾರ ಮಾಡ್ರಿ. ಇಲ್ಲಾಂದ್ರ ಲಾಂಚಿನವರಿಗೆ ಫೋನ್ ಮಾಡ್ತೀನಿ. ನನಗ ಬ್ಯಾರೆ ದಾರಿ ಇಲ್ಲ." ಫೈಲನ್ನು ಹಿಡಿದೇ ಹಿಮ್ಮುಖವಾಗಿ ಮೆಟ್ಟಿಲು ಹತ್ತಿ ಅವನು ಅತಿಥಿಗಳಿಗೆ ಎಳನೀರು ಕೊಡಿಸಲು ಹೋದ.

ಮಾಡುವುದು ಏನೆಂದು ಪಕ್ಕೀರಪ್ಪನಿಗೂ ಗೊತ್ತಿತ್ತು, ನಿಂಗಕ್ಕನಿಗೂ ಗೊತ್ತಿತ್ತು. ಆಚೆ ದಂಡೆಯಲ್ಲಿ ಮೈಲಾರಿಯ ಘಟ್ಟದ ಹರಿಗೋಲುಗಳು ಒಣಗಿ ಸಾಲಾಗಿ ಬೋರಲು ಬಿದ್ದಿದ್ದವು. ಮೈಲಾರಿ ಅವುಗಳ ಪಕ್ಕದ ಬಂಡೆಯ ಮೇಲೆ ಕೂತು, ಈ ಕಡೆಯ ಗದ್ದಲವನ್ನೆಲ್ಲ ಪುಕ್ಕಟೆ ಬಯಲಾಟ ನೋಡುವವನ ಹಾಗೆ ನೋಡುತ್ತಿದ್ದ. ಹೊಳೆಗೆ ಹಳೆಯದೊಂದು ಕಟ್ಟಳೆ ಇದೆ. ಆಚೆ ದಂಡೆಯಿಂದ ಯಾರಾದರೂ ಹೆಸರು ಹೇಳಿ ಕೂಗಿದರೆ ಅಂಬಿಗ ಹೋಗಲೇಬೇಕು. ಕೂಗಿದವನು ಹಗೆಯಾದರೂ ಸರಿ, ದಂಡೆಯ ಮೇಲೆ ನಿಲ್ಲಿಸಬಾರದು. ಆದರೆ ಕೂಗುವವನು ತನ್ನ ಹೆಸರು ಹೇಳಲೇಬೇಕು. ಅದೇ ಪಕ್ಕೀರಪ್ಪನಿಂದ ಆಗದ ಮಾತು.

"ನೀನ ಕೂಗು," ಎಂದ ಹೆಂಡತಿಗೆ.

ನಿಂಗಕ್ಕ ಸೆರಗು ಸಿಕ್ಕಿಸಿ ಕೂಗಿದಳು. "ಓ ಹೋ ಮೈಲಾರೀ, ನಿಂಗಕ್ಕ ಕರೀತೀನಿ. ನಾಕು ಹರಿಗೋಲು ತೊಗೊಂಡು ಬಾರಪ್ಪ."

ನೀರಿನ ಮೇಲೆ ಉತ್ತರ ತೇಲಿ ಬಂತು. "ನೀ ಬರೋದಿದ್ರ ಒಂದು ಸಾಕಲ್ಲ ಅತ್ತಿಗಿ, ಈಗ ಬರ್ತೀನಿ. ನಾಕು ಬೇಕಂದ್ರ ಘಟ್ಟದ ಯಜಮಾನ ಕೂಗಲಿ."

ನಿಂಗಕ್ಕ ಗಂಡನ ಕಡೆ ನೋಡಿ ನಕ್ಕಳು. ಪಕ್ಕೀರಪ್ಪ ಹುಣಸೆಮರದ ಬುಡಕ್ಕೆ ಹೋಗಿ, ಎಲ್ಲರಿಗೂ ಬೆನ್ನು ಹಾಕಿ ಕೂತ. ಅಲ್ಲಿ ಆಗಲೇ ಇನ್ನೊಬ್ಬ ಕೂತು ಬೂಟಿನೊಳಗಿನ ಮರಳು ಕೊಡವುತ್ತಿದ್ದ. ಕುರೆಕುಪ್ಪದ ರಾಯಣ್ಣ, ನೌಕಾಪಡೆಗೆ ಸೇರಿ ಹನ್ನೊಂದು ವರ್ಷವಾದವನು. ನಮ್ಮ ಮಾತು ಬರುತ್ತದೆಂದು ಅವನನ್ನು ಅತಿಥಿಗಳ ಜೊತೆ ಕಳಿಸಿದ್ದರು.

"ತಮ್ಮಾ, ಇವರೆಲ್ಲ ಕೂಡಿ ಸಮುದ್ರದಾಗ ಏನ್ ಮಾಡ್ತಾರಪ್ಪ?" ಎಂದು ಕೇಳಿದ ಪಕ್ಕೀರಪ್ಪ. ಆ ಹೊತ್ತಿಗೆ ಅವನಿಗೆ ತನ್ನದನ್ನು ಬಿಟ್ಟು ಯಾರ ಸುದ್ದಿಯಾದರೂ ಬೇಕಾಗಿತ್ತು.

"ಕಾರವಾರದ ಆಚಿಗೆ ಒಂದು ವಾರ ಕೂಡಿ ಕವಾಯತು ಮಾಡಿದ್ವಿರಿ. ಆರು ದೇಶದ ಹಡಗು. ಒಂದರ ಮಗ್ಗಲಕ್ಕ ಒಂದು ಹೋಗೋದು, ಹೋಗ್ತಾ ಹೋಗ್ತಾನ ಹಗ್ಗ ಕಟ್ಟಿ ಎಣ್ಣಿ ಕೊಡೋದು, ತೊಗೊಳೋದು. ಹೊಳ್ಳಬೇಕಂದ್ರ ಎಲ್ಲಾ ಒಮ್ಮಿಗೆ ಹೊಳ್ಳಬೇಕು."

"ಅವರವರೊಳಗ ಜಗಳ ಇಲ್ಲೇನು?"

"ಅದಾವಲ್ರಿ. ಅಲ್ಲಿ ನೋಡ್ರಿ, ಆ ಕೆಂಪು ಮೀಸಿಯಾವ, ಆ ಕರೀ ಚಾಳೀಸಿನಾವ. ಹಡಗು ಹೊಳ್ಳಿಸುವಾಗ ನೀ ತಡಾ ಮಾಡಿದಿ, ನೀ ಅವಸರ ಮಾಡಿದಿ ಅಂತ ಮೂರು ದಿನದಿಂದ ಜಗಳಾಡಾಕ ಹತ್ಯಾರ. ಬಸ್ಸಿನ್ಯಾಗೂ ಅದ ನಡದಿತ್ತು." ರಾಯಣ್ಣ ಬೂಟು ಹಾಕಿಕೊಂಡ. "ಜಗಳ ಇದ್ರೂ ಕೂಡಬೇಕ್ರಿ. ಸಮುದ್ರದಾಗ ಕಳ್ಳರು ಅದಾರ, ಬಿರುಗಾಳಿ ಐತಿ. ಕಳ್ಳ ಇವರ ನೀರಿನ್ಯಾಗ ಕದ್ದು ಅವರ ನೀರಿಗೆ ನುಸುಳ್ತಾನ. ಒಬ್ಬರು ಕಂಡಿದ್ದು ಇನ್ನೊಬ್ಬರಿಗೆ ಹೇಳಲಿಲ್ಲಂದ್ರ ಅವನ ರಾಜ. ಅದಕ್ಕ ಎಲ್ಲಾರೂ ಒಂದು ಕೂಗಿಗೆ ಓ ಅನ್ನಬೇಕು. ಮುಳುಗಾಕ ಹತ್ತೀವಿ ಬರ್ರಿ ಅಂತ ಯಾವ ಹಡಗು ಕರದ್ರೂ ಹತ್ತಿರ ಇದ್ದವರು ಹೋಗಬೇಕು. ಯಾವ ದೇಶ, ಎಂಥಾ ಸಿಟ್ಟು ಅಂತ ಕೇಳಂಗಿಲ್ಲ."

"ಇದು ನಮ್ಮ ಹೊಳಿ ಕಟ್ಟಳಿನಪ," ಎಂದ ಪಕ್ಕೀರಪ್ಪ, ಯಾರೋ ಕದ್ದುಕೊಂಡು ಹೋದದ್ದನ್ನು ಕಂಡವನಂತೆ. ಆಚೆ ದಂಡೆಯ ಕಡೆ ತಿರುಗಿ ಕೇಳಿದ. "ಮೊದಲ ಕರದವ ಸಣ್ಣವ ಆಗಂಗಿಲ್ಲೇನು?"

"ಕರದವ ಬದಕ್ತಾನ್ರಿ. ಮರ್ಯಾದಿ ಅಂತ ಬಾಯಿ ಮುಚ್ಚಿ ಕುಂತವ ಮರ್ಯಾದಿ ಸಮೇತ ಮುಳುಗ್ತಾನ."

ಪಕ್ಕೀರಪ್ಪ ಎದ್ದ. ಮೆಟ್ಟಿಲ ಮೇಲೆ ಯಲ್ಲೇಶ್ ಒಂದು ಕೈಯಲ್ಲಿ ಫೈಲು ಹಿಡಿದು ಇನ್ನೊಂದು ಕೈಯಲ್ಲಿ ಮೊಬೈಲು ತೆಗೆಯುತ್ತಿದ್ದ. ಪಕ್ಕೀರಪ್ಪ ಅವನನ್ನು ದಾಟಿ ನೀರಿನ ಅಂಚಿಗೆ ಹೋದ, ಎರಡು ಕೈ ಬಾಯಿಗೆ ಒಡ್ಡಿದ. ಹನ್ನೆರಡು ವರ್ಷ ಹೊಟ್ಟೆಯೊಳಗಿಟ್ಟುಕೊಂಡ ಹೆಸರು ಹೊರಗೆ ಬರುವಾಗ ದನಿ ಒಡೆಯಿತು.

"ಓ ಹೋ ಮೈಲಾರೀ. ಪಕ್ಕೀರಪ್ಪ ಕರೀತೀನೀ. ನಾಕು ಹರಿಗೋಲೂ."

ಮೈಲಾರಿ ಕಿವಿಗೆ ಕೈ ಹಚ್ಚಿ, ಕೇಳಿಸಲಿಲ್ಲ ಎಂದು ಸನ್ನೆ ಮಾಡಿದ. ಅವನಿಗೆ ಚೆನ್ನಾಗಿ ಕೇಳಿಸಿತ್ತು. ಕಿಡಿಗೇಡಿತನ ಆ ಮನೆಯಲ್ಲಿ ಅಣ್ಣನೊಬ್ಬನ ಪಾಲಿಗೇ ಬಂದ ಆಸ್ತಿಯೇನಲ್ಲ. ಪಕ್ಕೀರಪ್ಪ ಹಲ್ಲು ಕಚ್ಚಿ ಇನ್ನೊಮ್ಮೆ ಕೂಗಿದ. ಆಗ ಮೈಲಾರಿ ಎದ್ದ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಅವನೂ ಅವನ ಘಟ್ಟದ ಮೂವರು ಅಂಬಿಗರೂ ನಾಲ್ಕು ಹರಿಗೋಲುಗಳನ್ನು ನೀರಿಗೆ ಬಿಟ್ಟರು.

ಬಂದ ಮೈಲಾರಿ ಅಣ್ಣನ ಮುಖ ನೋಡಲಿಲ್ಲ. ಅತ್ತಿಗೆಗೆ ನಮಸ್ಕಾರ ಮಾಡಿದ, ಯಲ್ಲೇಶನಿಗೆ ನಮಸ್ಕಾರ ಮಾಡಿದ, ಡಾಂಬರಿನ ಹರಿಗೋಲುಗಳಿಗೂ ಒಂದು ನಮಸ್ಕಾರ ಮಾಡಿದ. ಪಕ್ಕೀರಪ್ಪ ಅದನ್ನು ನುಂಗಿಕೊಂಡು ತನ್ನ ಕೆಲಸಕ್ಕೆ ನಿಂತ. ಬಿಳಿ ಬಟ್ಟೆಯವರನ್ನು ಒಬ್ಬೊಬ್ಬರನ್ನಾಗಿ ದಿಟ್ಟಿಸಿ, ತೋಳು ಹಿಡಿದು ಕೂರಿಸಿದ. ದರ್ಜೆ ನೋಡಲಿಲ್ಲ, ತೂಕ ನೋಡಿದ. ಕೆಂಪು ಮೀಸೆಯವನನ್ನೂ ಕರಿ ಕನ್ನಡಕದವನನ್ನೂ ಹುಡುಕಿ ಒಂದೇ ಹರಿಗೋಲಿಗೆ ಹಾಕಿದ, ಎದುರು ಬದುರು. ನಿಯೋಗದ ಮುಖ್ಯಸ್ಥೆ ಎತ್ತರದ ಒಬ್ಬ ಹೆಂಗಸು. ಈ ದೋಣಿಗೆ ಮುಂಭಾಗ ಯಾವುದು ಎಂದು ಅವರು ರಾಯಣ್ಣನ ಮೂಲಕ ಕೇಳಿದರು.

"ಹೋಗೋ ಕಡೀನ ಮುಂದು ಅಂತ ಹೇಳಪ್ಪ," ಎಂದ ಪಕ್ಕೀರಪ್ಪ. ರಾಯಣ್ಣ ಹೇಳಿದ. ಆ ಹೆಂಗಸು ತಲೆಯಾಡಿಸಿ, ಸಿಕ್ಕ ಜಾಗದಲ್ಲಿ ಕೂತುಬಿಟ್ಟರು. ಎರಡು ವಾರದಿಂದ ನಿದ್ದೆಗೆಟ್ಟು ಪಟ್ಟಿ ಮಾಡಿದ್ದ ಯಲ್ಲೇಶ್ ಆ ಪಟ್ಟಿಯ ಮೇಲೇ ಕೂತು ಹೊಳೆ ದಾಟಿದ.

ನಡುಹೊಳೆಯಲ್ಲಿ, ಪಕ್ಕೀರಪ್ಪ ಮೊದಲೇ ತೂಗಿ ನೋಡಿದ್ದಂತೆ, ಕೆಂಪು ಮೀಸೆಯವನು ಫೋಟೋ ತೆಗೆಯಲು ಎದ್ದ. ಹರಿಗೋಲು ವಾಲಿತು. ಎದುರಿಗಿದ್ದ ಕರಿ ಕನ್ನಡಕದವನು ತಟ್ಟನೆ ಹಿಂದಕ್ಕೆ ಒರಗಿ ಭಾರ ಕೊಟ್ಟು, ಅವನ ಸೊಂಟದ ಬೆಲ್ಟಿಗೆ ಕೈ ಹಾಕಿ ಕೂರಿಸಿದ. ಈ ಸಲ ಇಬ್ಬರಲ್ಲಿ ಯಾರೂ ತಡ ಮಾಡಲಿಲ್ಲ, ಯಾರೂ ಅವಸರ ಮಾಡಲಿಲ್ಲ. ಒಂದು ಗಳಿಗೆ ಮುಖ ಮುಖ ನೋಡಿಕೊಂಡು ಇಬ್ಬರೂ ನಗತೊಡಗಿದರು. ಹೋಗಿ ಬಂದು ಇಳಿಯುವಾಗಲೂ ಅವರ ನಗು ನಿಂತಿರಲಿಲ್ಲ. ಇಪ್ಪತ್ನಾಲ್ಕು ಜೊತೆ ಬಿಳಿ ಬಟ್ಟೆಯ ಮೇಲೆ ಒಂದು ಕರಿ ಚುಕ್ಕೆಯೂ ಬೀಳಲಿಲ್ಲ.

ಬಸ್ಸು ಹೊಸಪೇಟೆಗೆ ಹೊರಟ ಮೇಲೆ ಯಲ್ಲೇಶ್ ಮೇಲಿನವರಿಗೆ ಫೋನ್ ಮಾಡಿ, ಹುಣಸೆಮರಕ್ಕೆ ಬೆನ್ನು ಕೊಟ್ಟು ನಿಂತು ಮಾತಾಡಿ ಬಂದ. "ಆತ್ರಿ, ಹರಿಗೋಲು ಇರ್ಲಿ ಅಂದ್ರು. ಆದ್ರ ಒಂದು ದಂಡಿ ಮ್ಯಾಲ ನಂಬಿಕಿ ಇಲ್ಲಂತ. ಎರಡೂ ಘಟ್ಟದವರು ಕೂಡಿ ನಡಸ್ತೀವಿ, ಒಬ್ಬರಿಗೊಬ್ಬರು ಆಗ್ತೀವಿ ಅಂತ ಬರದು ಇಬ್ಬರೂ ಇವತ್ತ ಸಹಿ ಹಾಕಬೇಕು. ಇಲ್ಲಾಂದ್ರ ಲಾಂಚು."

ಪಕ್ಕೀರಪ್ಪ ತಮ್ಮನ ಕಡೆ ನೋಡಿದ. ಮೈಲಾರಿ ನೀರಿನ ಕಡೆ ನೋಡುತ್ತ ಹೇಳಿದ. "ಹಾಕ್ತೀನ್ರಿ ಸಾಹೇಬ್ರ. ಹನ್ನೆರಡು ವರ್ಸದ ಒಂದು ಮಾತು ಉಳದೈತಿ. ಅದು ಬರ್ಲಿ."

"ಕರದ್ನಲ್ಲೋ ಮಂದಿ ಮುಂದ, ಎರಡು ಸಲ," ಎಂದ ಪಕ್ಕೀರಪ್ಪ.

"ಕರದಿದ್ದು ಹರಿಗೋಲಿಗೆ. ನನಗ ಬರಬೇಕಾದ ಮಾತು ಬ್ಯಾರೆ."

"ಅದು ಹರಿಗೋಲು ತಿರುಗಿದ್ದಕ್ಕ ನಾ ಏನ್..."

"ಸುಮ್ನಿರ್ರಿ," ಎಂದಳು ನಿಂಗಕ್ಕ. ಅವಳು ಆಗಲೇ ಮೈಲಾರಿಯ ಹರಿಗೋಲಿಗೆ ಇಳಿದು ಹುಟ್ಟು ಹಿಡಿದಿದ್ದಳು. "ದಂಡಿ ಮ್ಯಾಲ ಮಂದಿ ನೋಡ್ತಾರ. ಇಬ್ಬರೂ ಬರ್ರಿ, ಆಚಿಗೆ ಹೋಗಿ ಮಾತಾಡೋಣು. ಮೈಲಾರಿ, ನೀ ಅಲ್ಲಿ ಕುಂದ್ರಪ್ಪ. ನೀವು ಇಲ್ಲಿ."

ಕೂತ ಮೇಲೆ ಪಕ್ಕೀರಪ್ಪನಿಗೆ ಹೊಳೆಯಿತು, ತಮ್ಮ ನೇರ ಎದುರಿಗಿದ್ದಾನೆ. ಎದ್ದರೆ ಇಬ್ಬರೂ ನೀರಿಗೆ. ಅವನದೇ ವಿದ್ಯೆ. ಹೆಂಡತಿಯ ಮುಖ ನೋಡಿದ, ಅವಳು ಹುಟ್ಟಿನ ಕಡೆ ನೋಡುತ್ತಿದ್ದಳು.

ನಡುಹೊಳೆಗೆ ಬಂದಾಗ ಅವಳು ಹುಟ್ಟನ್ನು ಒಂದೇ ಕಡೆಗೆ ಎಳೆಯತೊಡಗಿದಳು. ಒಂದು ಸುತ್ತು. ಎರಡು. ಪಕ್ಕೀರಪ್ಪ ನಕ್ಕ. ನಲವತ್ತು ವರ್ಷ ತಿರುಗಿಸಿದವನಿಗೆ ಇದೇನು ಮಹಾ ಅಂದುಕೊಂಡ. ಆದರೆ ಹುಟ್ಟು ಹಿಡಿದವನ ಕಣ್ಣು ಹುಟ್ಟಿನ ಮೇಲಿರುತ್ತದೆ, ಅವನಿಗೆ ತಲೆ ತಿರುಗುವುದಿಲ್ಲ. ಇವನು ತನ್ನ ಜೀವಮಾನದಲ್ಲೇ ತಿರುಗುವ ಹರಿಗೋಲಿನಲ್ಲಿ ಬರಿಗೈಯಲ್ಲಿ ಕೂತವನಲ್ಲ. ಐದನೆಯ ಸುತ್ತಿಗೆ ಹುಣಸೆಮರ, ಯಲ್ಲೇಶ್, ಬಂಡೆ, ಬಾಳೆತೋಟ ಸಾಲಾಗಿ ಓಡಿದವು. ಏಳನೆಯದಕ್ಕೆ ಇಬ್ಬರು ಯಲ್ಲೇಶ್ ಕಂಡರು. ಒಂಬತ್ತನೆಯದಕ್ಕೆ ಮಧ್ಯಾಹ್ನ ಉಂಡ ರೊಟ್ಟಿ ಎದೆಯವರೆಗೆ ಬಂದು ನಿಂತಿತು. ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ಎದುರಿಗಿದ್ದದ್ದು ತಮ್ಮನ ಮೊಣಕಾಲು, ಹಿಡಿದುಕೊಂಡ. ಮೈಲಾರಿಯೂ ಅವನ ತೋಳು ಹಿಡಿದಿದ್ದ, ಅವನ ಮುಖವೂ ಬಿಳುಚಿತ್ತು.

ಮೆಟ್ರಿಯ ಬೀಗರು ನೆನಪಾದರು. ಆ ಹೊಸ ಪಂಚೆ ನೆನಪಾಯಿತು. ಸಾಕು ಸಾಕು ಎಂದು ಆ ಹಿರಿಯ ಜೀವ ಎಷ್ಟು ಸಲ ಅಂದಿತ್ತು, ತಾನು ಎಷ್ಟು ನಕ್ಕಿದ್ದೆ ಎಂಬುದು ಈಗ ಗೊತ್ತಾಯಿತು. ನಾಚಿಕೆಯಾಯಿತು.

"ತಪ್ಪಾತಪ್ಪ, ಮೈಲಾರಿ," ಎಂದ. "ತಿರುಗಿಸಿದ್ದು ನಾನ. ಹರಿಗೋಲಲ್ಲ. ತಪ್ಪಾತು."

ಮೈಲಾರಿ ಅಭ್ಯಾಸಬಲದಿಂದ, "ಕೇಳಿಸ್ಲಿಲ್ಲ," ಎಂದ.

"ಕೇಳಿಸ್ಲಿಲ್ಲಂತ," ಎಂದು ನಿಂಗಕ್ಕ ಇನ್ನೂ ಜೋರಾಗಿ ಎಳೆದಳು.

"ಕೇಳಿಸ್ತು ಅತ್ತಿಗಿ, ಕೇಳಿಸ್ತು. ಭಾಳ ಛಲೋ ಕೇಳಿಸ್ತು. ಸಾಕು ಮಾಡು."

ಅವಳು ಸಾಕು ಮಾಡಲಿಲ್ಲ. ಹದಿನಾಲ್ಕು ಮಾವನ ಕಾಲದಿಂದ ಬಂದದ್ದು, ಕಡಿಮೆ ಮಾಡಬಾರದು ಎಂದು ಎಣಿಸಿ ಎಣಿಸಿ ಪೂರ್ತಿ ಮಾಡಿದಳು. ಆಮೇಲೆ ಹರಿಗೋಲನ್ನು ತಿರುಗಿ ಹುಣಸೆಘಟ್ಟಕ್ಕೇ ತಂದು ನಿಲ್ಲಿಸಿದಳು. ಅಣ್ಣ ತಮ್ಮ ಒಬ್ಬರ ಹೆಗಲು ಒಬ್ಬರು ಹಿಡಿದು ಮೆಟ್ಟಿಲು ಹತ್ತಿದರು. ಪ್ರೀತಿಗೋ ಬೀಳಬಾರದೆಂದೋ ದಂಡೆಯ ಮೇಲಿದ್ದವರಿಗೆ ತಿಳಿಯಲಿಲ್ಲ. ಯಲ್ಲೇಶ್ ಅಂತೂ ಫೈಲನ್ನು ಹಿಂಬದಿಯಿಂದ ತೆಗೆದು ಮುಂದಕ್ಕೆ ಹಿಡಿದ. ಎಲ್ಲರೂ ಬಿದಿರ ಹೆಣಿಗೆಯ ಅಚ್ಚನ್ನು ನೋಡಿದರು.

ಆ ಕಾಗದದಲ್ಲಿ ಪಕ್ಕೀರಪ್ಪನ ಸಹಿ ಎಡಕ್ಕೆ ವಾಲಿದೆ, ಮೈಲಾರಿಯದು ಬಲಕ್ಕೆ ವಾಲಿದೆ, ನಡುವೆ ಎರಡೂ ಒಂದರ ಮೇಲೊಂದು ಹತ್ತಿವೆ. ಯಾವುದು ಯಾರದು ಎಂದು ಯಲ್ಲೇಶ್ ಪಕ್ಕದಲ್ಲಿ ಬರೆದುಕೊಳ್ಳಬೇಕಾಯಿತು. ಹರಿಗೋಲುಗಳು ಈಗಲೂ ಎರಡೂ ದಂಡೆಯಿಂದ ಹೊರಡುತ್ತವೆ, ನಡುಹೊಳೆಯಲ್ಲಿ ಹಾಯುವಾಗ ಅಣ್ಣ ತಮ್ಮಂದಿರು ಒಬ್ಬರಿಗೊಬ್ಬರು ಸುಣ್ಣದ ಡಬ್ಬಿ ಎಸೆದುಕೊಳ್ಳುತ್ತಾರೆ. ಪಕ್ಕೀರಪ್ಪ ಈಗಲೂ ಹದಿನಾಲ್ಕು ಸುತ್ತು ತಿರುಗಿಸುತ್ತಾನೆ. ಆದರೆ ಹುಟ್ಟನ್ನು ಒಂದು ಕಡೆಗೆ ಹಾಕುವ ಮುಂಚೆ ಕೂತವರ ಮುಖವನ್ನು ಒಬ್ಬೊಬ್ಬರದಾಗಿ ನೋಡಿ, "ತಿರುಗಸ್ಲೇನ್ರಿ?" ಎಂದು ಕೇಳುತ್ತಾನೆ. ಒಬ್ಬರು ಬೇಡ ಅಂದರೂ ಹರಿಗೋಲು ನೆಟ್ಟಗೆ ಆಚೆ ದಂಡೆಗೆ ಹೋಗುತ್ತದೆ.